ಬೀದಿ ಕಡೆಯ ಕೋಣೆ

ಡೇಟನ್, ಒಹಾಯೊ
೯ ಅಕ್ಟೋಬರ್ ೧೯೮೯

ಪ್ರಿಯ ವರ್ನೆಲ್,

ಕೈಬರಹದ ಗುರುತು ಹತ್ತಿದ ಕೂಡಲೇ ಕಾಗದವನ್ನು ಒಲೆಗೆ ಹಾಕಬೇಡ. ಕೊನೆಯವರೆಗೆ ಓದು, ಆಮೇಲೆ ನಿನ್ನಿಷ್ಟ.

ನಮ್ಮ ಬೀದಿಯ ಹೆಂಗಸೊಬ್ಬಳು ಈ ಬೇಸಿಗೆಯಲ್ಲಿ ಸವಾನಾಕ್ಕೆ ಹೋಗಿಬಂದಳು. ಗ್ಯಾಡ್ಸನ್ ಅತಿಥಿಗೃಹ ಅಂತ ಒಂದಿದೆ, ಬೆಳಿಗ್ಗೆ ಸೀಗಡಿಯ ಜೊತೆ ಜೋಳದ ಗಂಜಿ ಕೊಡುತ್ತಾರೆ, ಯಜಮಾನಿಯ ಬಾಯಿ ಮಾತ್ರ ಬಲು ಖಾರ ಅಂದಳು. ಖಾರ ಅಂದಾಗಲೇ ನೀನೆಂದು ತಿಳಿಯಿತು. ತಲೆಯ ಮೇಲೆ ಏಡಿಯ ಬುಟ್ಟಿ ಹೊತ್ತು ಚೌಕದಿಂದ ಚೌಕಕ್ಕೆ ಕೂಗುತ್ತ ಹೋಗುತ್ತಿದ್ದವಳು ಈಗ ಕಬ್ಬಿಣದ ಕಟಾಂಜನದ ಮನೆಯ ಒಡತಿ. ಸಂತೋಷವಾಯಿತು. ನೀನು ನಂಬದಿದ್ದರೂ ಆಯಿತು.

ವಸಂತಕ್ಕೆ ನನ್ನ ಮತ್ತು ಹಾರ್ಲನ್‌ನ ಮದುವೆಗೆ ಇಪ್ಪತ್ತೈದು ವರ್ಷ. ಎರಡು ರಾತ್ರಿಯ ಮಟ್ಟಿಗೆ ನಾವಿಬ್ಬರೇ ಅಲ್ಲಿಗೆ ಬರಬೇಕೆಂದಿದ್ದೇನೆ. ಎರಕದ ಕಾರ್ಖಾನೆ ಅವನ ಕಿವಿಗಳನ್ನು ತಿಂದುಹಾಕಿದೆ. ಈಗ ಕೇಳಿಸುವಷ್ಟೂ ಹೆಚ್ಚು ದಿನ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಮ್ಮ ಚರ್ಚಿನ ಪಕ್ಕದ ಚೌಕದಲ್ಲಿ, ಓಕ್ ಮರದ ಕೆಳಗಿನ ಬೆಂಚಿನ ಮೇಲೆ ಅವನು ನನ್ನನ್ನು ಮದುವೆಯಾಗೆಂದು ಕೇಳಿದ್ದು ನಿನಗೆ ಗೊತ್ತು. ಅದೇ ಬೆಂಚಿನ ಮೇಲೆ ಕೂತು ನಾನು ಅವನಿಗೆ ಕೆಲವು ಮಾತು ಹೇಳಬೇಕು, ಅವನಿಗೆ ಕೇಳಿಸುವಾಗಲೇ. ಮನೆಯಲ್ಲಿ ಅವು ಬಾಯಿಗೆ ಬರುವುದಿಲ್ಲ.

ಗದ್ದಲವಿಲ್ಲದ ಒಂದು ವಾರಾಂತ್ಯ ನೋಡಿ ಹೇಳುತ್ತೀಯಾ?

ಈಗಲೂ ನಿನ್ನ ಗೆಳತಿ ಎಂದುಕೊಂಡಿರುವ
ಡಾಟ್ ಹೈಟವರ್

*

ಸವಾನಾ, ಜಾರ್ಜಿಯಾ
೨೦ ಅಕ್ಟೋಬರ್ ೧೯೮೯

ಐನೆಜ್ ಅಕ್ಕ,

ಬ್ರನ್ಸ್‌ವಿಕ್‌ನಲ್ಲಿ ನಿನ್ನ ಮೊಣಕಾಲು ಹೇಗಿದೆ? ಬಿರುಗಾಳಿ ನಮ್ಮನ್ನು ಹೆದರಿಸಿ ಚಾರ್ಲ್ಸ್‌ಟನ್ ಕಡೆ ತಿರುಗಿತಲ್ಲ, ಅದಕ್ಕೆ ದೇವರಿಗೆ ವಂದಿಸುತ್ತಿದ್ದೆ. ಈಗ ನೋಡಿದರೆ ಆ ದೇವರು ನನಗೆ ಇನ್ನೂ ದೊಡ್ಡದನ್ನು ಕಳಿಸಿದ್ದಾನೆ. ಡಾಟ್ ಕಾಗದ ಬರೆದಿದ್ದಾಳೆ.

ನೀನು ಮರೆತಿರಬಹುದು. ನಾನು ಮರೆತಿಲ್ಲ. ಏಡಿಯ ಮಾಂಸ ಬಿಡಿಸಿ ಮತ್ತೆ ಚಿಪ್ಪಿಗೇ ತುಂಬಿ ಬೇಯಿಸುವ ಅಮ್ಮನ ಅಡುಗೆಯನ್ನು ಅವಳು ನಮ್ಮ ಅಡುಗೆಮನೆಯಲ್ಲೇ ಕಲಿತು, ಚರ್ಚಿನ ಹೆಂಗಸರಿಗೆ "ಇದು ನಮ್ಮನೆ ಅಡುಗೆ" ಎಂದು ಹೇಳಿಕೊಟ್ಟು, ಒಂದು ತಿಂಗಳೊಳಗೆ ಗಂಡನ ಹಿಂದೆ ಒಹಾಯೊಕ್ಕೆ ಹೊರಟುಹೋದಳು. ಅದರ ಮುಂದಿನ ಮಾರ್ಚಿನಿಂದ ಈ ವರ್ಷದ ಮಾರ್ಚಿನವರೆಗೆ, ಸಂತ ಪ್ಯಾಟ್ರಿಕ್‌ನ ದಿನ ನಮ್ಮ ಚರ್ಚಿನವರು ನದಿಯ ದಂಡೆಯಲ್ಲಿ ಹಾಕುವ ಅಂಗಡಿಯ ಮೇಲೆ ಒಂದೇ ಹಲಗೆ: "ಡಾಟ್‌ಳ ತುಂಬಿದ ಏಡಿ." ಆ ಮೊದಲ ಹಲಗೆಯ ಸುದ್ದಿಯನ್ನು ಕಾಯಿಲೆ ಮಲಗಿದ್ದ ಅಮ್ಮನಿಗೆ ಹೇಳಿದವಳು ನಾನೇ. ಅವಳು ಗೋಡೆಯ ಕಡೆ ಹೊರಳಿದಳು. ಭುಜಗಳು ಅಲುಗುತ್ತಿದ್ದವು. ಆಮೇಲೆ ಅವಳು ಬಹಳ ದಿನ ಬದುಕಲಿಲ್ಲ.

ಆ ಭುಜಗಳಿಗಾಗಿ ನಾನು ಚರ್ಚಿನ ಅಡುಗೆಮನೆಗೆ ಕಾಲಿಡುವುದನ್ನು ಬಿಟ್ಟೆ. ಆ ಅಂಗಡಿಯ ಬೀದಿಯನ್ನೇ ತುಳಿಯುವುದಿಲ್ಲ. ಹಲಗೆಯ ಮೇಲೆ ಅಮ್ಮನ ಹೆಸರು ಬರೆಯಿರಿ ಎಂದು ಎಷ್ಟು ಸಲ ಕೇಳಿದರೂ ಅಂಗಡಿ ನಡೆಸುವ ಸಿಸ್ಟರ್ ಒಡೆಸ್ಸಾ ಮಂಗಿನ್‌ಳದು ಒಂದೇ ಉತ್ತರ: "ಡಾಟ್ ತಾನೇ ಬಂದು ಹೇಳಲಿ, ಬೇಬಿ. ಊರಲ್ಲಿಲ್ಲದೋರ ಹೆಸರು ನಾನು ಅಳಿಸಲ್ಲ."

ಈಗ ಡಾಟ್ ತಾನೇ ಬರುತ್ತೇನೆ ಅನ್ನುತ್ತಿದ್ದಾಳೆ. ಗದ್ದಲವಿಲ್ಲದ ವಾರಾಂತ್ಯ ಬೇಕಂತೆ. ಮಾರ್ಚ್ ಹದಿನೇಳಕ್ಕಿಂತ ಒಳ್ಳೆಯದು ಯಾವುದಿದೆ, ನೀನೇ ಹೇಳು. ಅರ್ಧ ದೇಶ ಹಸಿರು ಟೋಪಿ ಹಾಕಿಕೊಂಡು ನನ್ನ ಕಿಟಕಿಯ ಕೆಳಗೇ ವಾಂತಿ ಮಾಡುವ ದಿನ. ಬೀದಿ ಕಡೆಯ ಕೋಣೆ ಕೊಡುತ್ತೇನೆ. ನಿದ್ದೆಗೆಟ್ಟವಳನ್ನು ಕೈಹಿಡಿದು ನಡೆಸಿಕೊಂಡು ಹೋಗಿ ಆ ಹಲಗೆಯ ಕೆಳಗೆ ನಿಲ್ಲಿಸುತ್ತೇನೆ.

ನಿನ್ನ
ವರ್ನೆಲ್

*

ಸವಾನಾ
೨ ನವೆಂಬರ್ ೧೯೮೯

ಪ್ರಿಯ ಡಾಟ್,

ಒಲೆಗೆ ಹಾಕಲಿಲ್ಲ, ನೋಡು. ನಮ್ಮ ಮನೆಯಲ್ಲಿ ಈಗ ಗ್ಯಾಸ್ ಒಲೆ.

ಮಾರ್ಚ್ ನಡುವಿನ ವಾರಾಂತ್ಯ ಬನ್ನಿ. ಹದಿನಾರು, ಶುಕ್ರವಾರ ಬಂದು ಹದಿನೆಂಟಕ್ಕೆ ಹೊರಟರಾಯಿತು. ಅಜೇಲಿಯಾ ಅರಳಿರುತ್ತದೆ, ಬಿಸಿಲು ಇನ್ನೂ ಬೆನ್ನು ಸುಡುವುದಿಲ್ಲ. ನಿಮಗೆಂದು ಎದುರಿನ ದೊಡ್ಡ ಕೋಣೆ ತೆಗೆದಿಟ್ಟಿದ್ದೇನೆ, ಬಾಲ್ಕನಿ ಇರುವುದು. ಶುಕ್ರವಾರ ಸಂಜೆ ಟೈಬಿ ದ್ವೀಪದ ಮರಳಿನ ಮೇಲೆ ನಡೆದು ಬನ್ನಿ, ಕತ್ತಲಾಗುವ ಹೊತ್ತಿಗೆ ಬಹಳ ಚೆಂದ. ತೋಳಿಲ್ಲದ ಉಡುಪು ಹಾಕಿಕೋ, ಗಾಳಿ ಹಿತವಾಗಿರುತ್ತದೆ. ಶನಿವಾರ ನಿನ್ನನ್ನು ನದಿಯ ದಂಡೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಚರ್ಚಿನ ಹೆಂಗಸರೆಲ್ಲ ನಿನ್ನನ್ನು ಬಾಯಿತುಂಬ ನೆನೆಯುತ್ತಾರೆ. ವರ್ಷಕ್ಕೊಂದು ಸಲವಂತೂ ತಪ್ಪದೆ.

ಆದರದಿಂದ
ವರ್ನೆಲ್ ಗ್ಯಾಡ್ಸನ್

*

ಡೇಟನ್
೧೪ ಜನವರಿ ೧೯೯೦

ಪ್ರಿಯ ವರ್ನೆಲ್,

ನಿನ್ನ ಕಾಗದವನ್ನು ಹಾರ್ಲನ್‌ಗೆ ಗಟ್ಟಿಯಾಗಿ ಓದಿ ಹೇಳಿದೆ. ಅರ್ಧ ಕೇಳಿಸಿತು, ಅರ್ಧವನ್ನು ನಗುತ್ತ ಒಪ್ಪಿಕೊಂಡ. ಈಗೀಗ ಅವನು ಎಲ್ಲದಕ್ಕೂ ಹಾಗೇ. ಊಟದ ಮೇಜಿನಲ್ಲಿ ನಾವಿಬ್ಬರೂ ತಟ್ಟೆ ನೋಡಿಕೊಂಡು ಉಣ್ಣುತ್ತೇವೆ. ಕೂಗಿ ಮಾತಾಡಿದರೆ ಪ್ರೀತಿಯ ಮಾತೂ ಜಗಳದ ಹಾಗೆ ಕೇಳಿಸುತ್ತದೆ, ಗೊತ್ತಾ? ಅದಕ್ಕೇ ನನಗೆ ಆ ಬೆಂಚು ಬೇಕು, ಮೆಲ್ಲಗೆ ಹೇಳಿದರೂ ಸಾಕಾಗುವಂಥ ಜಾಗ.

ಎರಡು ಮಾತು ಕೇಳಬೇಕಿತ್ತು. ಹಿಂದುಗಡೆ ತೋಟದ ಕಡೆಗೆ ಕೋಣೆ ಇದ್ದರೆ ಅದೇ ಇರಲಿ, ಬಾಲ್ಕನಿ ಬೇಡ. ಇನ್ನೊಂದು, ಕ್ಯಾಲೆಂಡರಿನಲ್ಲಿ ಹದಿನೇಳಕ್ಕೆ ಐರಿಶರ ಸಂತನ ಹೆಸರಿದೆ. ನಾನಿದ್ದಾಗ ಒಂದು ಸಣ್ಣ ಮೆರವಣಿಗೆ ಹೋಗುತ್ತಿದ್ದ ನೆನಪು. ಈಗಲೂ ಇದೆಯಾ?

ನಿನ್ನ ಅಮ್ಮ ಮಿಸ್ ಯೂಲಾ ಅವರ ಸಮಾಧಿಗೂ ಹೋಗಿಬರಬೇಕು. ಅವರ ವಿಷಯದಲ್ಲಿ ನಿನಗೆ ನಾನೊಂದು ಮಾತು ಬಾಕಿ ಉಳಿಸಿಕೊಂಡಿದ್ದೇನೆ. ಕಾಗದದಲ್ಲಿ ಬೇಡ.

ಡಾಟ್

*

ಸವಾನಾ
೫ ಫೆಬ್ರುವರಿ ೧೯೯೦

ಪ್ರಿಯ ಡಾಟ್,

ತೋಟದ ಕಡೆಯ ಕೋಣೆಯ ಮಾಡು ಸೋರುತ್ತದೆ. ಮೆರವಣಿಗೆ ಇದೆ. ಕೆಲವು ಹುಡುಗರು ಹಸಿರು ಅಂಗಿ ಹಾಕಿಕೊಂಡು ಹೋಗುತ್ತಾರೆ.

ವರ್ನೆಲ್

*

ಬ್ರನ್ಸ್‌ವಿಕ್, ಜಾರ್ಜಿಯಾ
೧ ಮಾರ್ಚ್ ೧೯೯೦

ವರ್ನೆಲ್,

ನಿನ್ನ ಕಾಗದಗಳನ್ನು ಓದಿ ಓದಿ ನನ್ನ ಮೊಣಕಾಲಿನ ನೋವು ತಲೆಗೇರಿದೆ. ತೋಟದ ಕೋಣೆಯ ಮಾಡು ಯಾವತ್ತು ಸೋರಿತ್ತೇ? ಕಿವುಡನಾಗುತ್ತಿರುವ ಗಂಡನ ಜೊತೆ ಎರಡು ಮಾತಾಡಲು ಬರುವವಳ ಕಿಟಕಿಗೆ ಬ್ಯಾಂಡು ಬಜಾವಣೆ ಕಟ್ಟಿಸುತ್ತೀಯಾ? ಅಮ್ಮನ ಹೆಸರು ಬೇಕಾದರೆ ಅವಳನ್ನು ನೇರ ಕೇಳು. ಕೊಡುವವಳ ಹಾಗೆ ಕಾಣುತ್ತಾಳೆ.

ಇನ್ನೊಂದು ಮಾತು. ಇಷ್ಟು ವರ್ಷದಲ್ಲಿ ಒಂದು ದಿನವಾದರೂ ಆ ಅಂಗಡಿಯ ಏಡಿ ತಿಂದಿದ್ದೀಯಾ? ಹಲಗೆ ಬದಲಿಸುವ ಮೊದಲು ಒಂದು ತಿಂದು ನೋಡು. ಅದಕ್ಕೂ ಮೊದಲು ಒಂದು ಭಾನುವಾರ ಇಲ್ಲಿಗೆ ಬಾ. ನಿನಗೆ ಹೇಳುವುದಿದೆ. ಹೇಳಬಾರದೆಂದು ಅಮ್ಮನಿಗೆ ಮಾತು ಕೊಟ್ಟಿದ್ದೆ. ಮುರಿಯುವುದಾದರೆ ಎದುರಿಗೆ ಕೂತೇ ಮುರಿಯುತ್ತೇನೆ.

ನಿನ್ನ ಅಕ್ಕ
ಐನೆಜ್

*

ಸವಾನಾ
೧೯ ಮಾರ್ಚ್ ೧೯೯೦

ಐನೆಜ್ ಅಕ್ಕ,

ಭಾನುವಾರ ಬರಲಾಗಲಿಲ್ಲ. ಎಲ್ಲ ಕೋಣೆಗಳಿಗೂ ಜನ. ಆಗಿದ್ದನ್ನು ಆದ ಹಾಗೇ ಬರೆಯುತ್ತೇನೆ. ನನಗೇ ಇನ್ನೂ ಸರಿಯಾಗಿ ತೂಕಕ್ಕೆ ಸಿಗುತ್ತಿಲ್ಲ.

ಶುಕ್ರವಾರ ಮಧ್ಯಾಹ್ನ ಬಂದರು. ಹಾರ್ಲನ್ ಟೋಪಿ ತೆಗೆದು ಬಾಗಿಲಲ್ಲೇ ನಿಂತ. "ಮಿಸ್ ವರ್ನೆಲ್, ಊರಿಗೂರೇ ಹಸಿರು ಉಟ್ಕೊಂಡಿದೆ. ಏನು ಸಮಾಚಾರ?"

"ವಸಂತ ಬಂತಲ್ಲ, ಮಿಸ್ಟರ್ ಹೈಟವರ್."

ಸಂಜೆ ಟೈಬಿಯಿಂದ ಮರಳಿದಾಗ ಡಾಟ್‌ಳ ತೋಳು, ಕುತ್ತಿಗೆ ಎಲ್ಲ ಮರಳುನೊಣ ಕಚ್ಚಿ ದದ್ದು. ನಾನೇ ಸುಣ್ಣದ ಬಣ್ಣದ ಔಷಧಿ ತಂದು ಹಚ್ಚಿದೆ, ಒಂದೊಂದೇ ಗುಳ್ಳೆಗೆ, ನಿಧಾನವಾಗಿ. ಅಂಥ ಹಿತವಾದ ಕೆಲಸ ನಾನು ಈಚೆಗೆ ಮಾಡಿಲ್ಲ.

ಶನಿವಾರ ಬೆಳಕು ಹರಿಯುವ ಮೊದಲೇ ಡೋಲು ಶುರು. ತಿಂಡಿಗೆ ಇಳಿದು ಬಂದವಳ ಕಣ್ಣು ಗುಳಿಬಿದ್ದಿದ್ದವು.

"ಕೆಲವು ಹುಡುಗರು ಹಸಿರು ಅಂಗಿ ಹಾಕ್ಕೊಂಡು ಹೋಗ್ತಾರೆ ಅಂತ ಬರ್ದಿದ್ದೆ."

"ಹೋಗ್ತಾ ಇದ್ದಾರಲ್ಲ."

"ಇನ್ನೂ ಹೋಗ್ತಾನೇ ಇದ್ದಾರೆ, ವರ್ನೆಲ್."

ತಿಂಡಿಗೂ ಮೊದಲೇ ಇಬ್ಬರೂ ಬೆಂಚಿನ ಹತ್ತಿರ ಹೋಗಿಬಂದಿದ್ದರಂತೆ. ಅದರ ಮೇಲೆ ಯಾರೋ ಪೀಪಾಯಿ ಇಟ್ಟು ಬಿಯರ್ ಹಂಚುತ್ತಿದ್ದರಂತೆ. ನಾನು ಅವಳ ಬಟ್ಟಲಿಗೆ ಇನ್ನಷ್ಟು ಕಾಫಿ ಬಗ್ಗಿಸಿದೆ.

"ಬಾ, ನದಿ ಕಡೆ ಹೋಗೋಣ," ಅಂದೆ.

ಅವಳಿಗೆ ಎಲ್ಲಿಗೆ, ಯಾಕೆ ಎಂದು ಅರ್ಥವಾಗಿತ್ತು ಅನ್ನಿಸುತ್ತದೆ. ಹಾರ್ಲನ್ ಬಾಲ್ಕನಿಯಲ್ಲೇ ಉಳಿದ. ಅಂಗಡಿಯ ಮುಂದೆ ನಿಂತಾಗ ಅವಳು ತಲೆಯೆತ್ತಿ ಹಲಗೆ ಓದಿದಳು. ಅಷ್ಟು ದೊಡ್ಡ ಅಕ್ಷರ ಇರುತ್ತದೆಂದು ಅವಳಿಗೆ ಗೊತ್ತಿರಲಿಲ್ಲವೇನೋ.

ಸಿಸ್ಟರ್ ಒಡೆಸ್ಸಾ ಅವಳನ್ನು ಕಂಡವಳೇ ಸಟ್ಟುಗ ಬಿಸಾಕಿ ತಬ್ಬಿಕೊಂಡಳು. "ಏನೇ ಡಾಟ್, ಒಹಾಯೊ ನಿನ್ನ ಸೊಂಟಕ್ಕೆ ಚೆನ್ನಾಗಿ ಒಗ್ಗಿದೆ. ಎಲ್ಲಾರೂ ಬರ್ರೇ, ಹಲಗೆ ಯಜಮಾನಿ ಬಂದ್ಳು." ಎಲ್ಲರೂ ಸುತ್ತ ನೆರೆದರು. ಬಿಸಿಬಿಸಿ ಚಿಪ್ಪೊಂದನ್ನು ಅವಳ ಕೈಗಿಟ್ಟರು. ಡಾಟ್ ಕಚ್ಚಿದಳು. ಬಹಳ ಹೊತ್ತು ಅಗಿದಳು. ಆಮೇಲೆ ನನ್ನನ್ನೇ ನೋಡಿದಳು. ನಾಚಿಕೆ ಎಂದುಕೊಂಡೆ. ಇಷ್ಟು ವರ್ಷ ನಾನು ಕಾದಿದ್ದ ಮುಖ ಅದೇ ಎಂದುಕೊಂಡೆ.

"ಸಿಸ್ಟರ್ ಒಡೆಸ್ಸಾ," ಅಂದಳು, ಎಲ್ಲರಿಗೂ ಕೇಳುವ ಹಾಗೆ. "ಇದು ನಂದಲ್ಲ. ಮಿಸ್ ಯೂಲಾ ಗ್ಯಾಡ್ಸನ್‌ದು. ಅವರ ಅಡುಗೆಮನೇಲಿ ಕಲ್ತು ನಂದು ಅಂತ ಸುಳ್ಳು ಹೇಳಿದ್ದೆ. ತಪ್ಪಾಯ್ತು. ಆ ಹಲಗೆ ಮೇಲೆ ಈಗಲೇ ಅವರ ಹೆಸರು ಬರೀರಿ."

ಒಡೆಸ್ಸಾ ಏಪ್ರನ್‌ಗೆ ಕೈ ಒರೆಸಿಕೊಂಡು, "ಬಣ್ಣದ ಡಬ್ಬ ಎಲ್ಲಿದೆ?" ಅಂದಳು. ನನ್ನ ಕಣ್ಣೆದುರಿಗೇ ಡಾಟ್‌ಳ ಹೆಸರು ಅಳಿಸಿಹೋಯಿತು, ಯೂಲಾ ಗ್ಯಾಡ್ಸನ್ ಎಂಬ ಹೆಸರು ಬಂದಿತು. ಹಸಿರು ಬಣ್ಣ, ಇನ್ನೂ ಒದ್ದೆ. ನನಗೆ ಅಳು ಬಂತು, ಅಕ್ಕ. ಅಳುತ್ತಲೇ ಒಂದು ಚಿಪ್ಪು ತೆಗೆದುಕೊಂಡು ಬಾಯಿಗಿಟ್ಟೆ.

ಹತ್ತಿಯನ್ನು ಸಾಸಿವೆಯಲ್ಲಿ ಅದ್ದಿ ಬೇಯಿಸಿದ ಹಾಗಿತ್ತು.

ನುಂಗಲಾಗದೆ, ಉಗುಳಲಾಗದೆ ನಿಂತಿದ್ದೆ. ನನ್ನ ಬೆನ್ನ ಹಿಂದೆ ಹಸಿರು ಟೋಪಿಯ ತರುಣನೊಬ್ಬ ಹಲಗೆ ಓದಿ ಗೆಳೆಯನಿಗೆ ಹೇಳಿದ, "ಯಾರೋ ಈ ಯೂಲಾ? ಏಡಿ ಮೇಲೆ ಅವಳಿಗೇನು ಸಿಟ್ಟು?"

"ಇದನ್ನ ಹೇಗೆ ಮಾಡ್ತೀರಿ?" ಎಂದು ಒಡೆಸ್ಸಾಳನ್ನು ಕೇಳಿದೆ.

"ಡಾಟ್ ಹೇಳ್ಕೊಟ್ಟ ಹಾಗೇ, ಬೇಬಿ. ಬಿಡಿಸಿದ ಮಾಂಸಾನ ತಣ್ಣೀರಲ್ಲಿ ಮೂರು ಸಲ ತೊಳೀತೀವಿ, ಆ ಹಳದಿ ಕೊಬ್ಬೆಲ್ಲ ಹೋಗೋ ತನಕ."

"ಬಿಡಿಸಿದ ಏಡಿನ ಯಾರಾದ್ರೂ ತೊಳೀತಾರಾ? ರುಚಿಯೆಲ್ಲ ಆ ಹಳದಿಯಲ್ಲೇ ಇರೋದು."

"ನಮಗೂ ಹಾಗೇ ಅನ್ನಿಸ್ತಿತ್ತು. ಆದ್ರೆ ಅವಳು ಹೇಳಿದ್ಲಲ್ಲ. ಇರ್ಲಿ ಬಿಡು, ಮಧ್ಯಾಹ್ನದ ಮೇಲೆ ಕುಡಿದೋರು ಏನ್ ಬೇಕಾದ್ರೂ ತಿಂತಾರೆ."

ಡಾಟ್ ಅಷ್ಟು ಹೊತ್ತಿಗೆ ಅಲ್ಲಿರಲಿಲ್ಲ. ನಿನ್ನೆ ಬೆಳಿಗ್ಗೆ ಇಬ್ಬರೂ ಹೊರಟರು. ಹೋಗುವಾಗ ನನ್ನ ಕೆನ್ನೆಗೆ ಮುತ್ತಿಟ್ಟಳು.

ನೀನು ಹೇಳುವುದಿದೆ ಅಂದಿದ್ದೆ. ಈಗ ಹೇಳು.

ವರ್ನೆಲ್

*

ಬ್ರನ್ಸ್‌ವಿಕ್
೨೩ ಮಾರ್ಚ್ ೧೯೯೦

ವರ್ನೆಲ್, ನನ್ನ ಕೂಸೇ,

ತಿಂದು ನೋಡು ಎಂದಿದ್ದೆ.

ಡಾಟ್ ಆ ಅಡುಗೆ ಕೇಳಲು ಬಂದ ದಿನ ನೀನು ಬುಟ್ಟಿ ಹೊತ್ತು ಹೋಗಿದ್ದೆ. ನಾನು ಮನೆಯಲ್ಲೇ ಇದ್ದೆ. ಅವಳು ಮೇಜಿನ ಮುಂದೆ ಕೂತು, ಕಾಗದ ಹರಡಿ, ಪೆನ್ನಿನ ಮುಚ್ಚಳ ತೆಗೆದು, "ಹೇಳಿ ಮಿಸ್ ಯೂಲಾ, ನಾನು ರೆಡಿ," ಅಂದಳು. ಅಮ್ಮನ ಹುಬ್ಬು ಮೇಲಕ್ಕೆ ಹೋಯಿತು. ಆ ಹುಬ್ಬು ನಿನಗೆ ಗೊತ್ತು. ಪಕ್ಕದಲ್ಲಿ ನಿಂತು ಈರುಳ್ಳಿ ಹೆಚ್ಚಿಕೊಡದೆ ಅವಳಿಂದ ಯಾರೂ ಯಾವ ಅಡುಗೆಯನ್ನೂ ಪಡೆದಿರಲಿಲ್ಲ. ಅಮ್ಮ ಎಲ್ಲವನ್ನೂ ಹೇಳಿದಳು, ಸರಿಯಾಗಿಯೇ. ಕೊನೆಗೆ ಸಮಾಧಾನವಾಗಿ ಸೇರಿಸಿದಳು: "ಬಿಡಿಸಿದ್ಮೇಲೆ ಚೆನ್ನಾಗಿ ತೊಳೀ, ಹನಿ. ಮೂರು ಸಲ." ಡಾಟ್ ಅದನ್ನೂ ಬರೆದುಕೊಂಡಳು. ಅವಳು ಒಳನಾಡಿನ ಹುಡುಗಿ, ಏಡಿ ಅವಳಿಗೇನು ಗೊತ್ತು.

ಇನ್ನು ಆ ಭುಜಗಳು. ನೀನು ಹಲಗೆಯ ಸುದ್ದಿ ತಂದಾಗ ನಾನು ಹಾಸಿಗೆಯ ಆಚೆ ಬದಿ, ಗೋಡೆಗೆ ಒರಗಿ ಕೂತಿದ್ದೆ. ಅಮ್ಮ ನನ್ನ ಕಡೆ ಹೊರಳಿದಳು. ಅವಳ ಹಲ್ಲಿನ ಸೆಟ್ಟು ಲೋಟದಲ್ಲಿತ್ತು, ಬೊಚ್ಚುಬಾಯಿ ನಿನಗೆ ಕಾಣಬಾರದೆಂದು ಹೊರಳಿದಳು. ಅವಳು ಅಳುತ್ತಿರಲಿಲ್ಲ, ವರ್ನೆಲ್. ಕೆಮ್ಮು ಬರುವಷ್ಟು ನಗುತ್ತಿದ್ದಳು. ನೀನು ಆಚೆ ಹೋದ ಮೇಲೆ ನನ್ನ ಕೈ ಹಿಡಿದು, "ವರ್ನೆಲ್‌ಗೆ ಹೇಳ್ಬೇಡ್ವೇ. ಕತ್ತಲಾಗೋದ್ರಲ್ಲಿ ಊರಿಗೆಲ್ಲ ಹೇಳ್ತಾಳೆ," ಅಂದಳು. "ಇನ್ನು ವರ್ಷಾ ವರ್ಷ ಡಾಟ್ ಹೆಸರಲ್ಲೇ ಉಣ್ಲಿ."

ಅವಳು ಹೋದ ಮೇಲೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯ. ನೀನು ಸಿಟ್ಟನ್ನೇ ಅಡಿಪಾಯ ಹಾಕಿ ಮನೆ ಕಟ್ಟುತ್ತಿದ್ದೆ. ಒಂದೊಂದು ಕೋಣೆ ಏಳುವಾಗಲೂ ಅದೇ ಮಾತು: "ಡಾಟ್ ನೋಡ್ಲಿ." ಅಡಿಯಿಂದ ಅದನ್ನು ಎಳೆದರೆ ನೀನು ಎಲ್ಲಿ ಕುಸಿದು ಕೂತುಬಿಡುತ್ತೀಯೋ ಎಂದು ಹೆದರಿದೆ.

ಐನೆಜ್

*

ಡೇಟನ್
೮ ಏಪ್ರಿಲ್ ೧೯೯೦

ಪ್ರಿಯ ವರ್ನೆಲ್,

ನನ್ನ ತೋಳಿನ ದದ್ದು ಇಳಿದಿದೆ. ಅದಕ್ಕಾಗಿ ನಿನಗೆ ವಂದನೆ, ಬಂದದ್ದಕ್ಕೂ, ಹೋದದ್ದಕ್ಕೂ.

ಆ ಬಾಕಿ ಮಾತನ್ನು ನಿನ್ನ ಮನೆಯ ಮೆಟ್ಟಿಲ ಮೇಲೇ ಹೇಳುವವಳಿದ್ದೆ. ಅದಕ್ಕಾಗಿಯೇ ಬಂದಿದ್ದೆ. ಆದರೆ ಆ ಬೆಂಚಿನ ಮೇಲೆ ಪೀಪಾಯಿ ಕಂಡಾಗ ನನಗೆ ಎಲ್ಲ ಅರ್ಥವಾಯಿತು. ತೋಟದ ಕೋಣೆಗೆ ಇಣುಕಿ ನೋಡಿದೆ. ಒಣಗಿದ ಎಲೆಯ ಹಾಗಿತ್ತು, ಒಂದು ಹನಿಯ ಕಲೆಯಿಲ್ಲ.

ಒಹಾಯೊಕ್ಕೆ ಬಂದ ಮೊದಲ ವರ್ಷ ಒಂದು ಸಲ ಆ ಏಡಿ ಮಾಡಿದ್ದೆ. ಬಾಯಿಗಿಡಲಾಗಲಿಲ್ಲ. ನನ್ನ ಕೈಯದೇ ದೋಷ, ಕದ್ದದ್ದು ಒಲಿಯುವುದಿಲ್ಲ ಎಂದುಕೊಂಡು ಸುಮ್ಮನಾದೆ. ಅಂಗಡಿಯಲ್ಲಿ ಕಚ್ಚಿದಾಗ ಅದೇ ರುಚಿ. ಅಷ್ಟು ಜನ ಹೆಂಗಸರ ಕೈಯಲ್ಲಿ ಒಂದೇ ದೋಷ ಇರುವುದಿಲ್ಲ. ಮಿಸ್ ಯೂಲಾ ಅವರ ಮೇಜಿನಲ್ಲಿ ನಾನು ತಿಂದದ್ದು ಇದಲ್ಲ. ಅವರು ನನಗೆ ಏನು ಮಾಡಿದ್ದರೆಂದು ಆಗ ಹೊಳೆಯಿತು.

ನಾನು ಮೊದಲು ಕಚ್ಚಿದೆ, ಆಮೇಲೆ ಮಾತಾಡಿದೆ. ಆ ಕ್ರಮವನ್ನು ನೆನಪಿಟ್ಟುಕೋ. ಮಾತು ಸತ್ಯವೇ, ತಪ್ಪೊಪ್ಪಿಗೆಯೂ ಸತ್ಯವೇ. ಆದರೆ ಆ ಗಳಿಗೆಯಲ್ಲಿ, ಅಷ್ಟು ಜನರ ಮುಂದೆ, ಅದನ್ನು ಕೊಟ್ಟಾಗ ನನಗಾದ ಸುಖವೂ ಸತ್ಯ. ಆ ಹಲಗೆಯ ಮೇಲೆ ನಿನಗೆ ನಿನ್ನ ಅಮ್ಮನ ಹೆಸರು ಬೇಕಿತ್ತು. ಆ ರುಚಿಯ ಸಮೇತ ಕೊಟ್ಟೆ.

ಇನ್ನು ಆ ಕೋಣೆ. ನಾನು ನದಿಯಿಂದ ಮರಳಿದಾಗ ಹಾರ್ಲನ್ ಬಾಲ್ಕನಿಯ ಕಟಾಂಜನವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಕೆಳಗೆ ಡೋಲಿನ ದಂಡು ಹೋಗುತ್ತಿತ್ತು. "ಡಾಟ್, ಇಲ್ಲಿ ಕೈ ಇಡು," ಅಂದ. ಕಬ್ಬಿಣ ನಡುಗುತ್ತಿತ್ತು. "ಕೇಳ್ತಾ ಇದೆ ಕಣೇ. ಪೂರ್ತಿ ಕೇಳ್ತಾ ಇದೆ." ಕೊನೆಯ ದಂಡು ದಾಟುವವರೆಗೂ ನಾವು ಅಲ್ಲಿಂದ ಕದಲಲಿಲ್ಲ. ನಾನು ಹೇಳಬೇಕೆಂದಿದ್ದ ಮಾತುಗಳನ್ನು ಆ ಗದ್ದಲದಲ್ಲಿ ಅವನ ಕಿವಿಗೆ ಬಾಯಿಟ್ಟು ಕೂಗಿ ಹೇಳಿದೆ. ಎಲ್ಲರೂ ಕೂಗುವಾಗ ಕೂಗಿದ್ದು ಜಗಳದ ಹಾಗೆ ಕೇಳಿಸಲಿಲ್ಲ.

ನಿನಗೆ ಇದನ್ನು ತಿಳಿಸದಿರಲು ಮನಸ್ಸಾಗಲಿಲ್ಲ. ನೀನು ಸುಖವಾಗಿರು.

ಡಾಟ್

*

ಸವಾನಾ
೨೧ ಮೇ ೧೯೯೦

ಡಾಟ್,

ನಿನ್ನ ಕಾಗದ ಹಾಕಬೇಕೆಂದೇ ಒಲೆ ಹಚ್ಚಿದ್ದೆ. ಆಮೇಲೆ ಆರಿಸಿದೆ.

ಹಲಗೆಯ ಮೇಲೆ ಮತ್ತೆ ನಿನ್ನ ಹೆಸರೇ ಹಾಕಿ ಎಂದು ಸಿಸ್ಟರ್ ಒಡೆಸ್ಸಾಳನ್ನು ಕೇಳಲು ಹೋದೆ. ಹೌದು, ನಾನೇ. ಮಾತು ಮುಗಿಯುವ ಮೊದಲೇ ಕೈಯೆತ್ತಿದಳು. "ಇಷ್ಟು ವರ್ಷ ಯೂಲಾ ಯೂಲಾ ಅಂತ ನನ್ನ ಪ್ರಾಣ ತಿಂದೆ. ಈಗ ಬಂತು ಯೂಲಾ. ಇನ್ನೊಂದು ಸಲ ಆ ಹಲಗೆಗೆ ಕುಂಚ ಮುಟ್ಸಲ್ಲ." ಹೀಗಾಗಿ ನನ್ನ ತಾಯಿ ಬರುವ ಮಾರ್ಚಿನಲ್ಲಿ ಊರಿನ ಮುಂದೆ ಹತ್ತಿಯಂಥ ಏಡಿ ಮಾರುತ್ತಾ ನಿಲ್ಲಬೇಕು, ಅವಳೇ ಹೂಡಿದ ಆಟದಲ್ಲಿ, ನನ್ನ ಕೈಯಿಂದ. ಎಲ್ಲೋ ಬೊಚ್ಚುಬಾಯಲ್ಲಿ ಇನ್ನೂ ನಗುತ್ತಿರಬೇಕು. ಐನೆಜ್ ನಿನಗೂ ಬರೆದು ತಿಳಿಸಿದ್ದಾಳಂತೆ. ಆ ಮುದುಕಿಯ ಬಾಯಿಗೆ ಈಗ ಕೀಲಿಯೇ ಇಲ್ಲ.

ಹಾಗಾಗಿ ಹೋದ ಶನಿವಾರ ಚರ್ಚಿನ ಅಡುಗೆಮನೆಯ ಮೆಟ್ಟಿಲು ಹತ್ತಿದೆ. ತೊಳೆಯುವ ತೊಟ್ಟಿಯನ್ನು ಎತ್ತಿ ಅಂಗಳಕ್ಕೆ ಬಿಸಾಕಿದೆ. ಏಪ್ರನ್ ಕಟ್ಟಿಕೊಂಡು ಅವರೆದುರು ಏಡಿ ಬಿಡಿಸಿದೆ, ಆ ಹಳದಿಯ ಸಮೇತ ಚಿಪ್ಪಿಗೆ ತುಂಬಿ ಬೇಯಿಸಿ ಕೊಟ್ಟೆ. ತಿಂದರು. ಒಡೆಸ್ಸಾ ಚಿಪ್ಪನ್ನು ಬೆರಳಲ್ಲಿ ಬಳಿದು ನೆಕ್ಕಿ ನನ್ನನ್ನು ನೋಡಿದಳು.

"ಇಷ್ಟು ವರ್ಷ ನೀನೆಲ್ಲಿದ್ದೆ, ಬೇಬಿ?"

ಪ್ರತಿ ಭಾನುವಾರ ಚರ್ಚಿನ ಕೊನೆಯ ಬೆಂಚಿನಲ್ಲೇ, ಎಂದು ಹೇಳಬೇಕಿತ್ತು. ಈರುಳ್ಳಿ ಹೆಚ್ಚುತ್ತಿದ್ದೆ, ಅದರ ನೆಪ ಮಾಡಿ ಕಣ್ಣು ಒರೆಸಿಕೊಂಡೆ.

ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ. ಬರುವ ಮಾರ್ಚಿನಲ್ಲೂ ಅದೇ ವಾರಾಂತ್ಯ ನಿಮ್ಮಿಬ್ಬರಿಗೆ ಬೀದಿ ಕಡೆಯ ಕೋಣೆಯನ್ನೇ ಹಿಡಿದಿಟ್ಟಿದ್ದೇನೆ. ಹಾರ್ಲನ್‌ಗೆ ಕಟಾಂಜನ. ನಿನಗೆ ಶುಕ್ರವಾರ ಮಧ್ಯಾಹ್ನದಿಂದ ಚರ್ಚಿನ ಅಡುಗೆಮನೆ. ನಿನ್ನ ಬೆರಳುಗಳಿಂದಲೇ ಏಡಿ ಬಿಡಿಸುತ್ತೀಯ, ಚಿಪ್ಪು ಚುಚ್ಚಿ ಚುಚ್ಚಿ ಉಗುರುಗಳು ಉರಿಯುವವರೆಗೆ, ನನ್ನ ಅಮ್ಮನ ಹೆಸರಿನ ಕೆಳಗೆ. ನಾನು ಪಕ್ಕದಲ್ಲೇ ನಿಂತು ನೋಡುತ್ತೇನೆ. ಅದನ್ನು ಯೋಚಿಸಿದರೆ ಈಗಲೇ ಹಿತವಾಗುತ್ತಿದೆ.

ಇನ್ನೊಂದು. ಆ ಹೆಂಗಸರಿಗೆ ನಾನು ಎಲ್ಲ ಹೇಳಿಕೊಟ್ಟಿದ್ದೇನೆ, ಒಂದನ್ನು ಬಿಟ್ಟು. ಅವರದು ರುಚಿಯಾಗಿಯೇ ಇರುತ್ತದೆ, ಯೂಲಾ ಗ್ಯಾಡ್ಸನ್ ತಲೆತಗ್ಗಿಸುವಂತಿರುವುದಿಲ್ಲ. ಆದರೆ ನೀನು ಅಮ್ಮನ ಮೇಜಿನಲ್ಲಿ ತಿಂದದ್ದು ನನ್ನ ಮನೆಯ ಅಡುಗೆಮನೆಯಲ್ಲಿ ಮಾತ್ರ ಆಗುತ್ತದೆ. ಭಾನುವಾರ ಬೆಳಿಗ್ಗೆ ಹೊರಡುವ ಮೊದಲು ಅಲ್ಲಿಗೆ ಬಾ. ಈರುಳ್ಳಿ ಹೆಚ್ಚುವ ಚಾಕು ಕೊಡುತ್ತೇನೆ.

ಪೆನ್ನು ತರಬೇಡ.

ವರ್ನೆಲ್